ಬ್ರಾಂಡೆಗ್ಗರ್ ಇನ್ನೂ ಇದ್ದಾರಾ ಎಂದು ಕೇಳಬೇಡಿ

ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕಾರು ಬಂದು ನಿಂತಿದೆ. ಹಿಮಬೆಟ್ಟಗಳ ಕಣಿವೆಯ ನಮ್ಮೂರು ಇನ್ನರ್‌ಲಾನ್‌ನ ಚರ್ಚಿನ ಗೋಪುರದ ಬುಡದಲ್ಲಿ ನೋಟ್‌ಬುರ್ಗಾ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಾರೆ. ಗಂಟೆಗೆ ಹಾಕಿಸಿದ್ದ ಮೋಟಾರು ಸಿಡಿಲಿಗೆ ಸುಟ್ಟುಹೋದಂದಿನಿಂದ ಬೆಳಗಿನ ಗಂಟೆ ಅವರ ತೋಳಿನ ಕೆಲಸ. ಕಾರಿನಿಂದಿಳಿದ ಗಂಡಹೆಂಡಿರು ಸಮಾಧಿಗಳ ನಡುವೆ ಹಾದು ನೇರ ಅವರ ಮುಂದೆಯೇ ಬಂದು ನಿಲ್ಲುತ್ತಾರೆ. ಇಬ್ಬರೂ ಒಂದೇ ಬಣ್ಣದ ಟೀ ಶರ್ಟು ತೊಟ್ಟಿದ್ದಾರೆ. ಎದೆಯ ಮೇಲೆ ದಪ್ಪಕ್ಷರದಲ್ಲಿ ಮನೆತನದ ಹೆಸರು. ಗಂಡ ಫೋನು ಮುಂದೆ ಚಾಚುತ್ತಾನೆ. ಫೋನು ಅವನ ಪರವಾಗಿ ನಮ್ಮ ಭಾಷೆಯಲ್ಲಿ ಮಾತಾಡುತ್ತದೆ: "ನಮಸ್ಕಾರ. ನಮ್ಮ ಬೇರು ಎಲ್ಲಿದೆ?"

"ಸ್ವಲ್ಪ ಸರೀರಿ. ಹಗ್ಗ ಮೂತಿಗೆ ಬಡಿಯತ್ತೆ," ಅನ್ನುತ್ತಾರೆ ನೋಟ್‌ಬುರ್ಗಾ. ಅಂದವರೇ ಹಗ್ಗ ಜಗ್ಗುತ್ತಾರೆ. ಗಂಟೆ ಹೊಡೆದಷ್ಟು ಹೊತ್ತೂ ಆ ಇಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ಅವರನ್ನು ವಿಡಿಯೋ ಮಾಡುತ್ತಾರೆ. ಗಂಟೆ ನಿಂತ ಮೇಲೆ ಅವರು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ. "ನೋಡಿದ್ಯೇನಯ್ಯಾ? ಇನ್ನೂ ಬಾಯಿಗೆ ಒಂದು ಗುಟುಕು ಕಾಫಿ ಬಿದ್ದಿಲ್ಲ. ಇದನ್ನ ಬರಿ ನಿನ್ನ ಪೇಪರ್‌ನಲ್ಲಿ."

ಬರೆಯುತ್ತಿದ್ದೇನೆ. ಶನಿವಾರದ ಪುರವಣಿಗೆ ಎಲೆಮರೆಯ ಕಾಯಿಯೊಂದರ ಬಗ್ಗೆ ಮನ ಮುಟ್ಟುವಂತೆ ಬರೆದುಕೊಡಿ ಎಂದು ಸಂಪಾದಕರು ಹೇಳಿದಾಗ ನನಗೆ ಪಕ್ಕದ ಮನೆಯ ಬುರ್ಗಿಯ ನೆನಪಾಯಿತು. ಊರಿನಲ್ಲಿ ಅವರನ್ನು ನೋಟ್‌ಬುರ್ಗಾ ಎಂದು ಪೂರ್ತಿ ಕರೆಯುವವರು ಪಾದ್ರಿಗಳೊಬ್ಬರೇ. ಮನ ಮುಟ್ಟುವುದು ಹಾಗಿರಲಿ, ಈ ಹೆಂಗಸಿನ ಎದುರು ಕೂತು ನಾಲ್ಕು ಮಾತು ಬಿಡಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕೋಸಾಕಾಗಿದೆ. "ನನ್ನ ಬಗ್ಗೆ ಬರಿಯೋಕೆ ಏನಿದೆ? ಹೋಗಿ ಆ ಹಿಮದ ಮೇಲೆ ಜಾರೋ ಹುಡುಗರ ಬಗ್ಗೆ ಬರಿ" ಎಂದು ಎರಡು ಸಲ ಬಾಗಿಲು ಹಾಕಿಕೊಂಡರು. ಮೂರನೆಯ ಸಲ ಬಾಗಿಲು ತೆಗೆದದ್ದು, ಸಮಾಧಿ ತೋಡುವಾಗ ಮಣ್ಣು ಹೊರಲು ಆಳು ಬೇಕಿತ್ತು ಅಂತ. ಈ ಲೇಖನದ ಅರ್ಧ ಭಾಗ ಗುದ್ದಲಿ ಹಿಡಿದುಕೊಂಡೇ ಕೇಳಿದ್ದು.

ಬುರ್ಗಿಗೆ ಈಗ ಎಪ್ಪತ್ತರ ಹತ್ತಿರ. ಚರ್ಚಿನ ಬಾಗಿಲು ತೆಗೆಯುವುದು, ಮೇಣದ ಕಲೆ ಕೆರೆಯುವುದು, ಹೂವಿನ ಕುಂಡಗಳಿಗೆ ನೀರು ಹಾಕುವುದು, ಯಾರಾದರೂ ಸತ್ತರೆ ಸಣ್ಣ ಗಂಟೆ ಹೊಡೆಯುವುದು, ಗುಂಡಿ ತೋಡುವುದು ಎಲ್ಲ ಅವರದೇ. ಸ್ಮಶಾನದ ಗೇಟು ಕಿರಿದು, ಯಂತ್ರ ಒಳಗೆ ಬರುವುದಿಲ್ಲ. ಒಂದು ಗುಂಡಿಗೆ ಬೇಸಿಗೆಯಲ್ಲಿ ಒಂದು ದಿನ, ಮಣ್ಣು ಹೆಪ್ಪುಗಟ್ಟಿದ ಜನವರಿಯಲ್ಲಿ ಮೂರು ದಿನ. ಸಣ್ಣವರಿದ್ದಾಗ ಇದನ್ನೆಲ್ಲ ಅವರ ಚಿಕ್ಕಪ್ಪ ಮಾಡುತ್ತಿದ್ದರು. ಅವರು ಹಾಸಿಗೆ ಹಿಡಿದಾಗ "ಒಂದು ತಿಂಗಳು ನೋಡ್ಕೋತೀಯಾ?" ಎಂದು ಊರಿನವರು ಕೇಳಿದರಂತೆ. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ.

ಇಷ್ಟೇ ಆಗಿದ್ದರೆ ಬುರ್ಗಿ ಗೊಣಗುತ್ತಿರಲಿಲ್ಲ. ಅವರ ಜೀವ ಹಿಂಡುತ್ತಿರುವುದು, ಯಾರೂ ವಹಿಸದೆಯೇ ಹೆಗಲಿಗೆ ಬಿದ್ದ ಇನ್ನೊಂದು ಕೆಲಸ. ಕಾರು ನಿಲ್ಲಿಸುವ ಜಾಗದಿಂದ ನೋಡಿದರೆ ಮೊದಲು ಕಾಣುವ ಬಾಗಿಲು ಅವರು ವಾಸವಿರುವ ಗಂಟೆಮನೆಯದು. ಹಾಗಾಗಿ ಮನೆತನದ ಹೆಸರು ಹಿಡಿದು ಮೂಲ ಹುಡುಕಿಕೊಂಡು ಬರುವವರೆಲ್ಲ ಮೊದಲು ತಟ್ಟುವುದು ಅದನ್ನೇ. ಜೂನ್ ಬಂತೆಂದರೆ ವಾರಕ್ಕೆ ಎರಡು ಮೂರು ಕುಟುಂಬ. ಅಮೆರಿಕದವರು, ಅರ್ಜೆಂಟೀನಾದವರು, ಹೋದ ತಿಂಗಳು ಆಸ್ಟ್ರೇಲಿಯಾದಿಂದ ಒಬ್ಬ ದಂತವೈದ್ಯ. ಚರ್ಚಿನ ಹಳೆಯ ಪುಸ್ತಕಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿ ಎಷ್ಟೋ ವರ್ಷಗಳಾದವು; ಇವರೆಲ್ಲ ಅದನ್ನು ಮನೆಯಲ್ಲೇ ಕೂತು ಓದಿ ಮುಗಿಸಿದವರು. ಹೆಸರು ಸಿಕ್ಕಿದೆ, ಊರು ಸಿಕ್ಕಿದೆ. ಈಗ ಮುಟ್ಟಿ ನೋಡಲು ಒಂದು ಬಾಗಿಲು, ಕೂತು ಅಳಲು ಒಂದು ಕಲ್ಲು ಬೇಕು.

"ಒಬ್ಬಳು ಅರಮನೆ ಎಲ್ಲಿ ಅಂದಳು. ಅರಮನೆಯಂತೆ. ಅವಳ ಮುತ್ತಜ್ಜ ನಮ್ಮೂರಲ್ಲಿ ಮೇಕೆ ಕಾಯ್ತಿದ್ದ ಅಂತ ಹೇಳಿದ್ದಕ್ಕೆ ನನ್ನ ಮೇಲೇ ಮುನಿಸಿಕೊಂಡು ಹೋದಳು," ಎನ್ನುತ್ತಾರೆ ಬುರ್ಗಿ ಮಣ್ಣು ಎತ್ತಿ ಹಾಕುತ್ತ. "ಇನ್ನೊಬ್ಬ ಸಮಾಧಿ ಮಣ್ಣನ್ನ ಪ್ಲಾಸ್ಟಿಕ್ ಚೀಲಕ್ಕೆ ತುಂಬ್ಕೋತಿದ್ದ. ತಗೊಂಡು ಹೋಗಪ್ಪಾ, ಇನ್ನೂ ನಾಲ್ಕು ಚೀಲ ತುಂಬ್ಕೋ, ನನಗೆ ತೋಡೋ ಕೆಲಸ ತಪ್ಪತ್ತೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಥ್ಯಾಂಕ್ಸ್ ಅಂದ."

ಅಳಲು ಬೇಕಾದ ಕಲ್ಲು ಇಲ್ಲಿ ಸಿಗುವುದಿಲ್ಲ ಎನ್ನುವುದು ದೊಡ್ಡ ರಗಳೆ. ನಮ್ಮಲ್ಲಿ ಸಮಾಧಿ ಇರುವುದು ಮನೆಗೆ, ಮನೆತನಕ್ಕಲ್ಲ. ಒಂದೊಂದು ಮನೆಗೆ ಒಂದೊಂದು ಗುಂಡಿ, ಅದರ ಮೇಲೆ ಮನೆಯ ಹೆಸರು ಹೊತ್ತ ಕಬ್ಬಿಣದ ಶಿಲುಬೆ. ಆ ಮನೆಯಲ್ಲಿ ಯಾರು ದುಡಿದು ಉಂಡರೋ ಅವರು ಸತ್ತಾಗ ಅದೇ ಗುಂಡಿ ಮತ್ತೆ ತೆರೆಯುತ್ತದೆ. ಯಜಮಾನನೂ ಅಲ್ಲೇ, ಹುಲ್ಲು ಎಳೆದ ಆಳೂ ಅಲ್ಲೇ. ಬದುಕಿರುವವರನ್ನು ಕರೆಯುವುದೂ ಮನೆಯ ಹೆಸರಿನಿಂದಲೇ. ಮನೆ ಕೈಬದಲಾದರೆ ಹೊಸಬನಿಗೂ ಅದೇ ಹೆಸರು ಅಂಟುತ್ತದೆ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನು ತೆರಿಗೆಯವರು ನೋಡಿಕೊಳ್ಳಲಿ. ಊರಲ್ಲಿ ಹುಟ್ಟಿ ಬೆಳೆದ ನನಗೂ ಅರ್ಧ ಜನರ ಕಾಗದದ ಹೆಸರು ಗೊತ್ತಿಲ್ಲ.

ಬುರ್ಗಿ ಎಡವಿದ್ದು ಇಲ್ಲೇ.

ಹೋದ ವರ್ಷ ಮೇ ತಿಂಗಳಲ್ಲಿ ಗಂಟೆಮನೆಯ ಫೋನು ಬಡಿದುಕೊಂಡಿತು. ಬ್ರೆಜಿಲ್‌ನ ದಕ್ಷಿಣದ ಗುಡ್ಡಗಾಡಿನಿಂದ ಡಾಲ್ವಾ ಎಂಬ ಹೆಂಗಸು. ಅವರ ಅಜ್ಜ ಇಲ್ಲಿಂದ ಹಡಗು ಹತ್ತಿ ಹೋದವರು. ಅಲ್ಲಿ ಮನೆಯೊಳಗೆ ಇನ್ನೂ ನಮ್ಮ ಮಾತನ್ನೇ ಆಡುತ್ತಾರೆ. ನಮ್ಮ ಮುದುಕರೂ ಬಿಟ್ಟುಬಿಟ್ಟ ಪದಗಳು ಅವರ ಬಾಯಲ್ಲಿದ್ದವಂತೆ. ಮನೆತನದ ಹೆಸರು ಬ್ರಾಂಡೆಗ್ಗರ್.

"ಬ್ರಾಂಡೆಗ್ಗರ್ ಇನ್ನೂ ಇದ್ದಾರಾ ನಿಮ್ಮೂರಲ್ಲಿ?" ಎಂದು ಡಾಲ್ವಾ ಕೇಳಿದರು.

"ಇಲ್ಲದೆ ಏನು? ಗುಂಡುಕಲ್ಲಿನ ಹಾಗೆ ಇದ್ದಾನೆ. ಐದು ಹಸು, ಮೂಗಿನ ತುದೀಲಿ ಸಿಟ್ಟು," ಎಂದರು ಬುರ್ಗಿ.

ಆ ಕಡೆಯಿಂದ ಅಳು ಕೇಳಿಸಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಬುರ್ಗಿ ಫೋನಿಟ್ಟರು. ಜೂನ್ ಕೊನೆಯಲ್ಲಿ ಡಾಲ್ವಾ ಬಸ್ಸಿನಿಂದ ಇಳಿದರು. ಎಪ್ಪತ್ತು ದಾಟಿದ, ಮೊಣಕಾಲು ಹಿಡಿದುಕೊಂಡು ನಡೆಯುವ ಹೆಂಗಸು. ಕೈಚೀಲದಲ್ಲಿ ಉಣ್ಣೆಯ ಶಾಲು ಸುತ್ತಿದ ಒಂದು ಮರದ ಡಬ್ಬಿ. ಅದರೊಳಗೆ ಅವರ ತಮ್ಮ ಒಟ್‌ಮಾರ್‌ನ ಬೂದಿ.

ಒಟ್‌ಮಾರ್ ಲಾರಿ ಓಡಿಸುತ್ತಿದ್ದವನು. ಅಷ್ಟು ದೊಡ್ಡ ದೇಶದಲ್ಲಿ ಯಾವ ಚೆಕ್‌ಪೋಸ್ಟಿಗೆ ಹೋದರೂ, ಯಾವ ಗೋದಾಮಿಗೆ ಹೋದರೂ ಹೆಸರು ಹೇಳಿದೊಡನೆ "ಏನು? ಇನ್ನೊಂದು ಸಲ ಹೇಳು" ಎನ್ನುತ್ತಿದ್ದರಂತೆ. ಜೀವಮಾನವಿಡೀ ಅದೇ ಕಥೆ. "ಸಾಯೋ ಮುಂಚೆ ಅವನು ಕೇಳಿದ್ದು ಒಂದೇ," ಎಂದು ಡಾಲ್ವಾ ಬುರ್ಗಿಯ ಅಡುಗೆಮನೆಯಲ್ಲಿ ಕೂತು ಹೇಳಿದರು. "ಹೆಸರು ಹೇಳಿದರೆ ಎರಡನೇ ಸಲ ಕೇಳದೇ ಇರೋ ಊರಲ್ಲಿ ನನ್ನನ್ನ ಮಲಗಿಸು ಅಕ್ಕಾ ಅಂದ. ನಮ್ಮವರ ಗುಂಡಿ ಇದ್ದೇ ಇರತ್ತಲ್ಲ ಅಂದ. ಬ್ರಾಂಡೆಗ್ಗರ್ ಇದ್ದಾನೆ ಅಂತ ನೀವು ಹೇಳಿದಿರಲ್ಲ, ಆ ಧೈರ್ಯದ ಮೇಲೆ ಬಂದೆ. ನಮ್ಮವನೇ ಒಬ್ಬ ಇದ್ದಾನಲ್ಲ ಅಂತ."

ಬುರ್ಗಿಗೆ ತಮ್ಮ ಎಡವಟ್ಟು ಆಗ ಹೊಳೆಯಿತು. ಗುಡ್ಡದ ಮೇಲಿನ ಬ್ರಾಂಡೆಗ್ ಮನೆಯಲ್ಲಿ ಇರುವವನೇ ಊರಿಗೆ ಬ್ರಾಂಡೆಗ್ಗರ್; ಈಗಿನ ಯಜಮಾನ ಪಾಸ್‌ಪೋರ್ಟಿನ ಪ್ರಕಾರ ರೊಮೆಡ್ ಪ್ರಾಂಟ್ಲ್. ಬೇರೆ ಕಣಿವೆಯಿಂದ ಹದಿನಾಲ್ಕನೇ ವಯಸ್ಸಿಗೆ ಆಳಾಗಿ ಬಂದವರು. ಮಕ್ಕಳಿಲ್ಲದ ಹಿಂದಿನ ಯಜಮಾನ ಮನೆಯನ್ನು ಅವರಿಗೆ ಬಿಟ್ಟುಹೋದ. ಆ ಹಿಂದಿನವನೂ ಕೊಂಡುಕೊಂಡು ಬಂದವನೇ. ಡಾಲ್ವಾ ಅವರ ರಕ್ತದವರು ಆ ಮನೆ ಬಿಟ್ಟು ಮೂರು ಕೈ ಬದಲಾಗಿದೆ. "ಇದೆಲ್ಲ ನನಗೆ ಗೊತ್ತಿಲ್ಲ ಅಂತಲ್ಲ. ಅವತ್ತು ತಲೆಗೇ ಹೊಳೀಲಿಲ್ಲ ಕಣಯ್ಯಾ. ಅವನು ಬ್ರಾಂಡೆಗ್ಗರೇ ಅಲ್ವಾ? ಬ್ರಾಂಡೆಗ್ಗರ್ ಇದ್ದಾನಾ ಅಂದ್ರೆ ಇನ್ನೇನು ಹೇಳ್ಲಿ?" ಎಂದು ಬುರ್ಗಿ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ. "ಒಂದು ಮಾತಿಗೆ ಸಮುದ್ರ ದಾಟಿ ಬಂದುಬಿಟ್ಟಳಲ್ಲ."

ನಿಜ ಹೇಳಿದಾಗ ಡಾಲ್ವಾ ಅಳಲಿಲ್ಲ. ಡಬ್ಬಿಯ ಮೇಲಿನ ಶಾಲನ್ನು ಬಿಚ್ಚಿ ಮತ್ತೆ ಸುತ್ತಿದರು. "ಹಾಗಾದರೆ ಇವನನ್ನ ವಾಪಸ್ ಕರ್ಕೊಂಡು ಹೋಗ್ಬೇಕಾ?" ಎಂದು ಮಾತ್ರ ಕೇಳಿದರು.

ಬುರ್ಗಿ ಏಪ್ರನ್ ಬಿಚ್ಚಿ ಎಸೆದು ಬ್ರಾಂಡೆಗ್‌ಗೆ ಹತ್ತಿದರು. ರೊಮೆಡ್‌ಗೆ ಮೂಲ ಹುಡುಕಿ ಬರುವವರೆಂದರೆ ಮೊದಲೇ ಮೈ ಉರಿ. ಬ್ರಾಂಡೆಗ್ಗರ್ ಹೆಸರಿನವರು ಮೂರು ಖಂಡಗಳಿಂದ ಬಂದು, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೆ ನುಗ್ಗಿ, ಅಣ್ಣಾ ಎಂದು ಅವರನ್ನು ತಬ್ಬಿಕೊಂಡು ಅತ್ತಿದ್ದಾರೆ. ಒಬ್ಬ ಟೋಪಿ ಉಡುಗೊರೆ ಕೊಟ್ಟ, ಒಬ್ಬಳು ಬಾಗಿಲ ಚಿಲಕವನ್ನು ಕಿತ್ತುಕೊಂಡು ಹೋದಳು.

"ಆಗಲ್ಲ," ಎಂದರು ರೊಮೆಡ್, ಕುಡುಗೋಲು ಮಸೆಯುವುದನ್ನು ನಿಲ್ಲಿಸದೆ.

"ಡಬ್ಬಿ ಇಷ್ಟೇ ಇದೆಯಯ್ಯಾ. ಬ್ರೆಡ್ಡಿನಷ್ಟು."

"ಬ್ರೆಡ್ಡಿನಷ್ಟಾದರೂ ಆಗಲ್ಲ. ಆ ಗುಂಡೀಲಿ ಉಳಿದಿರೋ ಜಾಗ ನಂದು."

"ಜಾಗಕ್ಕೇನು ಬರ. ಗುಂಡಿ ತೋಡೋಳು ನಾನು, ನನಗೆ ಹೇಳ್ತೀಯಾ?"

ರೊಮೆಡ್ ಕುಡುಗೋಲು ಕೆಳಗಿಟ್ಟರು. "ಐವತ್ತು ವರ್ಷ ಈ ಇಳಿಜಾರಲ್ಲಿ ಸೊಂಟ ಮುರ್ಕೊಂಡಿದೀನಿ ಬುರ್ಗಿ. ಇಡೀ ಊರು ನನ್ನನ್ನ ಬ್ರಾಂಡೆಗ್ಗರ್ ಅನ್ನತ್ತೆ. ಈಗ ನಿಜವಾದ ಬ್ರಾಂಡೆಗ್ಗರ್ ಬಂದು ಅಲ್ಲಿ ಮಲಗಿದರೆ ಆಮೇಲೆ ನಾನು ಯಾರು? ಮತ್ತೆ ಆಳು ರೊಮೆಡ್ ಆಗ್ತೀನಿ. ಸತ್ತ ಮೇಲೂ ಅವನ ಕಾಲ ಬುಡದಲ್ಲಿ ಮಲಗಬೇಕಾ?"

ಬುರ್ಗಿ "ಹಾಳಾಗಿ ಹೋಗು" ಎಂದು ಬೈದು ಇಳಿದು ಬಂದರಂತೆ. ಒಂದು ವಾರ ಡಾಲ್ವಾ ಗಂಟೆಮನೆಯ ಅಟ್ಟದ ಕೋಣೆಯಲ್ಲಿದ್ದರು, ಒಟ್‌ಮಾರ್ ಅಡುಗೆಮನೆಯಲ್ಲಿ ರೇಡಿಯೋ ಪಕ್ಕದಲ್ಲಿದ್ದ. "ಬೆಳಿಗ್ಗೆ ಕಾಫಿ ಕುಡಿಯೋ ಮುಂಚೆ ಅವನಿಗೂ ಶುಭಾಶಯ ಹೇಳೋ ಹಾಗಾಯ್ತು. ನನ್ನ ಗಂಡ ಬದುಕಿದ್ದಾಗ ಅವನಿಗೂ ಹೇಳ್ದೋಳಲ್ಲ ನಾನು," ಎನ್ನುತ್ತಾರೆ ಬುರ್ಗಿ.

ಆ ಶುಕ್ರವಾರ ಮಧ್ಯಾಹ್ನ ಕಣಿವೆಯ ತುದಿಯಲ್ಲಿ ಮೋಡ ಕಪ್ಪಗಾಯಿತು. ಬ್ರಾಂಡೆಗ್‌ನ ಕೆಳಗಿನ ಇಳಿಜಾರಿನ ಹುಲ್ಲು ಪೂರ್ತಿ ಕೊಯ್ದು ಹರಡಿತ್ತು. ನೆನೆದರೆ ಚಳಿಗಾಲಕ್ಕೆ ಹಸುಗಳಿಗೆ ಮೇವಿಲ್ಲ. ಇಂಥ ಹೊತ್ತಲ್ಲಿ ಜಗಳಗಿಗಳ ಎಂದು ಕೂರುವುದು ನಮ್ಮೂರ ರೂಢಿಯಲ್ಲಿಲ್ಲ. ಬುರ್ಗಿ ಗಂಟೆ ಹೊಡೆದರು, ಕೈ ಖಾಲಿ ಇದ್ದವರೆಲ್ಲ ಬ್ರಾಂಡೆಗ್‌ಗೆ ಓಡಿದೆವು. ಹಿಂದೆಯೇ ಪಟ್ಟಣದ ಚಪ್ಪಲಿ ಹಾಕಿಕೊಂಡು ಡಾಲ್ವಾನೂ ಬಂದರು. ಬೇಲಿಯ ಪಕ್ಕ ಸುಮ್ಮನೆ ನಿಂತರು.

ರೊಮೆಡ್ ಅತ್ತ ತಿರುಗಿದವರು ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಏಯ್, ನಿಂತ್ಕೊಂಡು ಏನು ನೋಡ್ತೀಯಾ? ಕೋಲು ತಗೋ."

ಹುಲ್ಲು ಎಳೆಯುವ ಮರದ ಹಲ್ಲಿನ ಕೋಲನ್ನು ಡಾಲ್ವಾ ಹಿಡಿದರು. ಕೆಲಸ ಬರುತ್ತಿತ್ತೇ ಎಂದು ಕೇಳಿದರೆ, ಬರುತ್ತಿರಲಿಲ್ಲ. ಕೆಳಕ್ಕೆ ಎಳೆಯಬೇಕಾದದ್ದನ್ನು ಮೇಲಕ್ಕೆ ಎಳೆಯುತ್ತಿದ್ದರು. "ಮೇಲಕ್ಕಲ್ಲ, ಕೆಳಕ್ಕೆ. ಕೆಳಕ್ಕಮ್ಮಾ. ಅಯ್ಯೋ ನನ್ನ ಹಣೆಬರಹವೇ," ಎಂದು ರೊಮೆಡ್ ಮೂರು ಗಂಟೆ ಹೊತ್ತು ಅವರಿಗೊಬ್ಬರಿಗೇ ಕಿರುಚಿದರು. ಡಾಲ್ವಾ ಎರಡು ಸಲ ಜಾರಿ ಬಿದ್ದರು, ಎದ್ದರು. ಅಂಗೈ ಬೊಬ್ಬೆ ಬಂದು ಒಡೆಯಿತು. ಕೋಲು ಮಾತ್ರ ಕೆಳಗಿಡಲಿಲ್ಲ. ಕೊನೆಯ ಹೊರೆ ಕೊಟ್ಟಿಗೆಯ ಅಟ್ಟಕ್ಕೆ ಹೋಗುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಹುಲ್ಲು ಎಳೆದವರಿಗೆ ಆ ಮನೆಯಲ್ಲೇ ಊಟ. ಬ್ರಾಂಡೆಗ್ ಅಡುಗೆಮನೆಯ ಮೇಜಿನ ಮೇಲೆ ಹಂದಿಮಾಂಸ ಕಲಸಿದ ಬ್ರೆಡ್ಡುಂಡೆಯ ಸಾರು ಬಂತು. ಡಾಲ್ವಾಗೆ ಚಮಚ ಹಿಡಿಯಲು ಆಗುತ್ತಿರಲಿಲ್ಲ, ಅಂಗೈ ಅಷ್ಟು ಕಿತ್ತುಹೋಗಿತ್ತು. ಅವರು ಚಮಚ ಪಕ್ಕಕ್ಕಿಟ್ಟು ರೊಮೆಡ್‌ರನ್ನೇ ನೋಡಿದರು.

"ಬುರ್ಗಿ ಹೇಳಿದಳು, ನಿನಗೆ ಏನು ಭಯ ಅಂತ," ಎಂದರು. ಅವರೂ ಅಷ್ಟರಲ್ಲಿ ನೀನು ಎನ್ನಲು ಶುರುಮಾಡಿದ್ದರು. "ನನಗೆ ಈ ಮನೆ ಬೇಡ. ನಿನ್ನ ಜಾಗವೂ ಬೇಡ. ಈ ಇಳಿಜಾರು ಆಗಲ್ಲ ಅಂತ ನಮ್ಮಜ್ಜ ಬಿಟ್ಟು ಹೋದ. ನೀನು ಬಿಡಲಿಲ್ಲ. ಬ್ರಾಂಡೆಗ್ಗರ್ ಅಂದ್ರೆ ನೀನೇ. ನನ್ನ ತಮ್ಮ ನಿನ್ನ ಮನೆಗೆ ಬಂದೋನು, ಅಷ್ಟೇ. ನಿನ್ನ ಕಾಲ ಬುಡದಲ್ಲೇ ಹಾಕು ಅವನನ್ನ."

ಮೇಜಿನ ಸುತ್ತ ಕೂತ ನಾವೆಲ್ಲ ತಟ್ಟೆ ನೋಡತೊಡಗಿದೆವು. ರೊಮೆಡ್ ಉಂಡೆಯನ್ನು ಚಮಚದಿಂದ ಅರ್ಧ ಮಾಡಿದರು, ಕಾಲು ಮಾಡಿದರು, ತಿನ್ನಲಿಲ್ಲ.

"ಇವತ್ತು ನೀನು ಎಳೆದದ್ದು ನಿನ್ನ ಪಾಲಿಂದು," ಎಂದರು ಕೊನೆಗೆ. "ಅವನ ಪಾಲಿಂದು?"

"ಅದನ್ನೂ ನಾನೇ ಎಳೀತೀನಿ."

"ಮೇಲಿನ ಇಳಿಜಾರು ಇನ್ನೂ ಹಾಗೇ ಇದೆ. ಬಿಸಿಲು ಬಂದ ಮೇಲೆ ಬಾ. ಆ ಹಾಳು ಚಪ್ಪಲಿ ಹಾಕ್ಕೊಂಡು ಬರಬೇಡ." ಎದ್ದು ಹೋಗಿ ತೀರಿಹೋದ ಹೆಂಡತಿಯ ಬೂಟು ತಂದು ಡಾಲ್ವಾ ಕಾಲಬಳಿ ಇಟ್ಟರು.

ಮೇಲಿನ ಇಳಿಜಾರಿನ ಹುಲ್ಲು ಮುಗಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬುರ್ಗಿ ಬ್ರಾಂಡೆಗ್ ಮನೆಯ ಕಬ್ಬಿಣದ ಶಿಲುಬೆಯ ಬುಡದಲ್ಲಿ ಮೊಳದಷ್ಟು ಆಳದ ಗುಂಡಿ ತೋಡಿದರು. ಪಾದ್ರಿಗಳು ನಾಲ್ಕೂರು ಸುತ್ತುವವರು, ಅವಸರದಲ್ಲೇ ಮುಗಿಸಿದರು. ಬುರ್ಗಿ ಸಣ್ಣ ಗಂಟೆಯ ಹಗ್ಗ ಹಿಡಿದರು.

ಸಾವಿನ ಗಂಟೆ ಕೇಳಿದರೆ ನಮ್ಮೂರಲ್ಲಿ ಕೆಲಸ ನಿಲ್ಲುತ್ತದೆ. ಎದುರಿನ ಗುಡ್ಡದವರು ಕೂಗಿ ಕೇಳುತ್ತಾರೆ, ಇತ್ತಲಿನವರು ಮನೆಯ ಹೆಸರು ಹೇಳುತ್ತಾರೆ. ಅವತ್ತೂ ಹಾಗೇ ಆಯಿತು. ಗಂಟೆ ನಿಂತ ಮೇಲೆ ಹಳ್ಳದಾಚೆ ಹುಲ್ಲು ತಿರುವುತ್ತಿದ್ದ ಯಾರೋ ಬಾಯಿಗೆ ಕೈ ಅಡ್ಡವಿಟ್ಟು ಕೂಗಿದರು: "ಯಾವ ಮನೆಯವರು?"

ಉತ್ತರ ಕೊಡಬೇಕಾದವರು ಬುರ್ಗಿ. ಅವರು ಬಾಯಿ ತೆರೆಯುವಷ್ಟರಲ್ಲಿ ರೊಮೆಡ್ ಸ್ಮಶಾನದ ಗೋಡೆಯ ಹತ್ತಿರ ಹೋಗಿ ನಿಂತಿದ್ದರು.

"ನಮ್ಮನೆ," ಎಂದು ಕೂಗಿದರು. "ಬ್ರಾಂಡೆಗ್ಗರ್."

ಆಚೆಯವನು ಟೋಪಿ ತೆಗೆದ. ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಹುಲ್ಲಿಗೆ ಬಗ್ಗಿದ. ಎರಡನೇ ಸಲ ಕೇಳಲಿಲ್ಲ. ಡಾಲ್ವಾ ಬುರ್ಗಿಯ ತೋಳು ಹಿಡಿದುಕೊಂಡು, ಬಂದ ದಿನದಿಂದ ಅಳದಿದ್ದದ್ದನ್ನೆಲ್ಲ ಅಲ್ಲೇ ಅತ್ತರು.

ಇವತ್ತಿನ ಟೀ ಶರ್ಟಿನ ಗಂಡಹೆಂಡಿರು ಇನ್ನೂ ಸಮಾಧಿಗಳ ನಡುವೆ ಸುತ್ತುತ್ತಿದ್ದಾರೆ. ಅವರ ಹೆಸರಿನ ಮನೆ ಈಗ ಹೋಟೆಲಾಗಿದೆ ಎಂಬುದನ್ನು ಹೇಗೆ ಹೇಳುವುದೆಂದು ಬುರ್ಗಿ ಯೋಚಿಸುತ್ತಿದ್ದಾರೆ. ಕಾಫಿ ಮಾತ್ರ ಇನ್ನೂ ಕುಡಿದಿಲ್ಲ. ಇಷ್ಟೆಲ್ಲ ಮಾಡುವವರಿಗೆ ಏನಾದರೂ ಆಸೆ ಇರಬೇಕಲ್ಲ ಎಂದು ಪುರವಣಿಯ ಪದ್ಧತಿಯಂತೆ ಕೇಳುತ್ತೇನೆ.

"ಹಾಲು ಕರೆದಾದ ಮೇಲೆ ಬನ್ನಿ ಅಂತ ಬರಿ. ಗಟ್ಟಿ ಬೂಟು ಹಾಕ್ಕೊಂಡು ಬನ್ನಿ ಅಂತ ಬರಿ," ಎನ್ನುತ್ತಾರೆ. ಕೊಡ ಎತ್ತಿಕೊಂಡು ಬ್ರಾಂಡೆಗ್ ಶಿಲುಬೆಯ ಬುಡದ ಹೂವಿಗೆ ನೀರು ಹಾಕುತ್ತಾರೆ. ಹಾಕುತ್ತಲೇ ಇದ್ದಕ್ಕಿದ್ದಂತೆ ನನ್ನ ಮೇಲೆ ರೇಗುತ್ತಾರೆ. "ಮತ್ತೆ ಬುರ್ಗಿ ತಪ್ಪು ಹೇಳಿದಳು ಅಂತ ಬರೆದೀಯೆ, ಜೋಕೆ. ಬ್ರಾಂಡೆಗ್ಗರ್ ಇದ್ದಾರಾ ಅಂತ ಅವಳು ಕೇಳಿದಳು, ಇದ್ದಾನೆ ಅಂದೆ. ಹೋಗಿ ನೋಡು. ಒಬ್ಬ ಮೇಲೆ ಹಾಲು ಕರೀತಿದ್ದಾನೆ, ಒಬ್ಬ ಇಲ್ಲೇ ಇದ್ದಾನೆ."